ಎಮ್ಮೆ ಕಳುವಾದ ದಿನ

ಆ ದಿನ ಬೆಳಿಗ್ಗೆ ಗಡಿಯಾರ ರಿಪೇರಿಯವನಿಗೆ ಎಚ್ಚರವಾಗುವಷ್ಟರಲ್ಲಿ ಬಿಸಿಲು ಹಾಸಿಗೆಯ ಮೇಲೆಯೇ ಬಂದು ಕೂತಿತ್ತು. ಮಾವ ಇವರ ಮನೆಗೆ ಬಂದು ನೆಲೆಸಿದ ಮೇಲೆ ಅವನು ಹಾಸಿಗೆಯಲ್ಲಿ ಬಿಸಿಲು ಕಂಡದ್ದು ಅದೇ ಮೊದಲು. ತನ್ನ ಕಿವಿಯೇ ಹೋಯಿತೇನೋ ಎಂದು ಗಾಬರಿಯಾಗಿ ದಿಂಬಿನ ಪಕ್ಕದ ಕೈಗಡಿಯಾರವನ್ನು ಕಿವಿಗೆ ಹಿಡಿದ. ಟಿಕ್ ಟಿಕ್ ಚೆನ್ನಾಗಿಯೇ ಕೇಳಿಸಿತು. ಕಿವಿ ನೆಟ್ಟಗಿತ್ತು. ಹಾಗಾದರೆ ಕೆಟ್ಟಿರುವುದು ಬೇರೇನೋ.

ಅವನ ಮಾವ, ಅಂದರೆ ಹೆಂಡತಿಯ ಅಪ್ಪ, ಒಂದು ಕಾಲಕ್ಕೆ ಸರ್ಕಸ್ ಕಂಪನಿಯ ಬ್ಯಾಂಡಿನಲ್ಲಿ ಕಹಳೆ ಊದುತ್ತಿದ್ದವರು. ಕಹಳೆ ಎಂದರೆ ಕೈಯಲ್ಲಿ ಹಿಡಿದು ಓಡಾಡುವ ತುತ್ತೂರಿ ಎಂದುಕೊಳ್ಳಬೇಡಿ. ಹಿತ್ತಾಳೆಯ ಹೆಬ್ಬಾವೊಂದು ಮನುಷ್ಯನ ಸೊಂಟಕ್ಕೆ ಸುತ್ತಿಕೊಂಡು, ಅವನ ತಲೆಯ ಮೇಲಿಂದ ನೀರು ಕಾಯಿಸುವ ಹಂಡೆಯಷ್ಟು ಅಗಲ ಬಾಯಿ ತೆರೆದರೆ ಹೇಗಿರಬಹುದೋ ಹಾಗಿತ್ತು ಅದು. ಸರ್ಕಸ್ ಮುಚ್ಚಿದಾಗ ಹುಲಿ ಸಿಂಹಗಳು ಒಂದು ಕಡೆ ಹೋದವು, ಜೋಕರುಗಳು ಒಂದು ಕಡೆ ಹೋದರು, ಮಾವ ಕಹಳೆಯ ಸಮೇತ ಮಗಳ ಮನೆಗೆ ಬಂದರು. ದಿನಾ ಬೆಳಕು ಹರಿಯುವ ಹೊತ್ತಿಗೆ ಮೂರನೆಯ ಮಹಡಿಯ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು, ಡೇರೆಯೊಳಗೆ ಆನೆಗಳು ಬರುವಾಗ ಊದುತ್ತಿದ್ದ ಮಟ್ಟನ್ನು ಊದುತ್ತಿದ್ದರು. ಆನೆಗಳು ಬರುತ್ತಿರಲಿಲ್ಲ ಎಂಬುದೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಸರ್ಕಸ್ಸಿನ ಹಾಗೇ ನಡೆಯುತ್ತಿತ್ತು. ಬೀದಿನಾಯಿಗಳು ಓಡುತ್ತಿದ್ದವು, ಮಕ್ಕಳು ಅಳುತ್ತಿದ್ದವು, ಕಿಟಕಿಯ ಗಾಜುಗಳು ಹಲ್ಲು ಕಡಿಯುತ್ತಿದ್ದವು. ಕಟ್ಟಡದವರೆಲ್ಲ ಸೇರಿ ಆ ಕಹಳೆಗೆ ಎಮ್ಮೆ ಎಂದು ಹೆಸರಿಟ್ಟಿದ್ದರು. ಎಮ್ಮೆ ಕೂಗಿತು, ಇನ್ನು ನಿದ್ದೆ ಆದ ಹಾಗೇ ಎಂದು ಒಬ್ಬರಿಗೊಬ್ಬರು ಹೇಳಿಕೊಂಡು ಏಳುತ್ತಿದ್ದರು.

ಇವತ್ತು ಎಮ್ಮೆ ಕೂಗಿರಲಿಲ್ಲ.

ಮುಂದಿನ ಕೋಣೆಯಿಂದ ಹೆಂಡತಿ ಕರೆದಳು. ಹೋಗಿ ನೋಡಿದರೆ ಕಹಳೆ ನಿಲ್ಲುತ್ತಿದ್ದ ಮೂಲೆ ಖಾಲಿ. ಅದಕ್ಕೆ ಹೊದಿಸುತ್ತಿದ್ದ ಹಳೆಯ ಬೆಡ್‌ಶೀಟು ನಾಲ್ಕು ಮಡಿಕೆಯಾಗಿ ನೆಲದ ಮೇಲೆ ಕೂತಿತ್ತು. ಬಾಗಿಲ ಚಿಲಕ ಮುರಿದಿರಲಿಲ್ಲ. ಮೇಜಿನ ಮೇಲಿದ್ದ ಪರ್ಸು, ರಿಪೇರಿಗೆ ಬಂದು ಡ್ರಾಯರಿನಲ್ಲಿದ್ದ ಗಡಿಯಾರಗಳು, ಎಲ್ಲ ಇದ್ದಲ್ಲೇ ಇದ್ದವು. ಹೆಂಡತಿ ಆಗಲೇ ಪತ್ತೇದಾರಳಾಗಿದ್ದಳು. ಇದು ಅಂಥಿಂಥವರ ಕೆಲಸವಲ್ಲ, ಸದ್ದಿಲ್ಲದೆ ಬಂದು ಬೆಡ್‌ಶೀಟು ಮಡಿಸಿಟ್ಟು ಹೋಗಿದ್ದಾನೆಂದರೆ ಬಹಳ ಪಳಗಿದ ಕಳ್ಳನೇ ಇರಬೇಕು ಎಂದಳು. ಬೆಡ್‌ಶೀಟು ಮಡಿಸುವ ಅಭ್ಯಾಸ ಈ ಮನೆಯ ಗಂಡಸಿಗೆ ಇಲ್ಲ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

ಗಡಿಯಾರದವನ ಎದೆಯೊಳಗೆ ಮೊದಲು ಎದ್ದದ್ದು ಸಂತೋಷ. ಅದು ಎದ್ದು ನೇರ ಮುಖಕ್ಕೇ ಬರತೊಡಗಿತು. ಅವನು ತಟ್ಟನೆ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಟವೆಲ್ಲಿನ ಹಿಂದೆ ಸ್ವಲ್ಪ ಹೊತ್ತು ನಕ್ಕು, ಆಮೇಲೆ ದುಃಖದ ಮುಖ ಮಾಡಿಕೊಂಡು ಹೊರಗೆ ಬಂದ.

ಮಾವ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ದೊಡ್ಡ ಬಿಳಿ ಮೀಸೆ ಇಳಿಬಿದ್ದಿತ್ತು. ಎರಡೂ ತೋಳುಗಳು ಅಭ್ಯಾಸಬಲದಿಂದ ಇಲ್ಲದ ಕಹಳೆಯನ್ನು ತಬ್ಬಿಕೊಂಡ ಹಾಗೆ ಬಾಗಿಕೊಂಡಿದ್ದವು. ಅದನ್ನು ನೋಡಿದ ಮೇಲೆ ಗಡಿಯಾರದವನಿಗೆ ದುಃಖದ ಮುಖ ಮಾಡಿಕೊಳ್ಳುವ ಶ್ರಮ ಬೇಕಾಗಲಿಲ್ಲ. ಏನೇ ಆಗಲಿ, ಮನುಷ್ಯ ಒಳ್ಳೆಯವರು.

"ಹೋಗ್ಲಿ ಬಿಡಿ ಅಳಿಯಂದ್ರೇ," ಎಂದರು ಮಾವ, ಮೀಸೆಯೊಳಗಿಂದಲೇ. "ಯಾರೋ ಏನೋ, ಅವನಿಗೇನು ಕಷ್ಟ ಇತ್ತೋ. ಪೊಲೀಸು ಗಿಲೀಸು ಏನೂ ಬೇಡ."

ಗಡಿಯಾರದವನಿಗೆ ಈ ಮಾತು ಅಮೃತದ ಹಾಗೆ ಕೇಳಿಸಿತು. ಹೆಂಡತಿಗೆ ಬೇರೆ ಥರ ಕೇಳಿಸಿತು. ಅವಳು ಗಂಡನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅಪ್ಪನ ಎದೆ ಒಡೆದು ಹೋಗಿದೆ, ಅದಕ್ಕೇ ಹಾಗೆ ಮಾತಾಡುತ್ತಿದ್ದಾರೆ, ಜೀವಮಾನವೆಲ್ಲ ಬಾಯಿಗಿಟ್ಟುಕೊಂಡದ್ದನ್ನು ಯಾರು ತಾನೇ ಹೋಗಲಿ ಬಿಡಿ ಅನ್ನುತ್ತಾರೆ, ನೀವು ಈಗಿಂದೀಗಲೇ ಠಾಣೆಗೆ ಹೋಗಿ ದೂರು ಕೊಟ್ಟು ಬನ್ನಿ ಎಂದಳು. ಮಾವನವರೇ ಬೇಡ ಅಂದರಲ್ಲ ಎಂದು ಅವನು ರಾಗ ಎಳೆದ. ಅವಳು ಸೌಟು ಕೆಳಗಿಟ್ಟಳು. ಅವಳು ಸೌಟು ಕೆಳಗಿಟ್ಟರೆ ವಿಷಯ ಗಂಭೀರವಾಯಿತು ಎಂದೇ ಲೆಕ್ಕ.

"ನೋಡಿ, ಅದು ಹೋದ್ರೆ ಈ ಕಟ್ಟಡದಲ್ಲಿ ಖುಷಿಪಡೋವ್ರು ಯಾರು ಅಂತ ನಂಗೊತ್ತು. ಅದ್ರಲ್ಲಿ ಮೊದಲ್ನೇವ್ರು ಯಾರು ಅಂತಾನೂ ಗೊತ್ತು. ನೀವು ದೂರು ಕೊಡ್ದೇ ಇದ್ರೆ, ಅದನ್ನ ಸಾಗಿಸಿದ್ದು ನೀವೇ ಅಂತ ಅಂದ್ಕೋತೀನಿ. ಬರೋವಾಗ ದೂರು ಕೊಟ್ಟಿದ್ದಕ್ಕೆ ರಸೀದಿ ತಗೊಂಡ್ ಬನ್ನಿ."

ಕದಿಯದೇ ಕಳ್ಳನಾಗುವ ಹೊತ್ತು ಬಂತಲ್ಲ ಎಂದುಕೊಳ್ಳುತ್ತ ಅವನು ಅಂಗಿ ಹಾಕಿಕೊಂಡು ಹೊರಟ.

ಸುದ್ದಿ ಅವನಿಗಿಂತ ಮೊದಲೇ ಮೆಟ್ಟಿಲಿಳಿದಿತ್ತು. ಎರಡನೆಯ ಮಹಡಿಯ ತಿರುವಿನಲ್ಲಿ ಪಾಯಿಂಟು ಕಾದು ನಿಂತಿದ್ದರು. ಅವರು ಕೋರ್ಟಿನಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಯಾವ ಮಾತಾಡಿದರೂ ಇಲ್ಲೊಂದು ಪಾಯಿಂಟು ಇದೆ ಎಂದು ಶುರು ಮಾಡುತ್ತಿದ್ದುದರಿಂದ ಅವರ ನಿಜವಾದ ಹೆಸರು ಅವರ ಹೆಂಡತಿಗೂ ಮರೆತುಹೋಗುವ ಹಂತದಲ್ಲಿತ್ತು.

"ಇಲ್ಲೊಂದು ಪಾಯಿಂಟು ಇದೆ," ಎಂದರು ಅವರು. "ಕಳ್ಳ ಒಂದ್ಸಲ ಬರ್ತಾನೆ. ಪೊಲೀಸ್ನೋರು ದಿನಾ ಬರ್ತಾರೆ."

ಅವರು ಹಿಂದೊಮ್ಮೆ ಛತ್ರಿ ಕಳೆದುಕೊಂಡು ದೂರು ಕೊಟ್ಟ ಕತೆಯನ್ನು ಪೂರ್ತಿ ಹೇಳಿದರು. ಛತ್ರಿಯ ಬಣ್ಣ ಹೇಳಲು ಒಂದು ದಿನ, ಕಡ್ಡಿ ಎಣಿಕೆ ಹೇಳಲು ಒಂದು ದಿನ, ಛತ್ರಿ ತಮ್ಮದೇ ಎಂಬುದಕ್ಕೆ ಪುರಾವೆ ಒದಗಿಸಲು ಒಂದು ದಿನ, ಅಧಿಕಾರಿ ಇಲ್ಲ ಎಂದು ತಿಳಿದುಕೊಳ್ಳಲು ಹಲವು ದಿನ. ಹೀಗೆ ಓಡಾಡುವಾಗಲೇ ಮಳೆಯಲ್ಲಿ ನೆನೆದು ಜ್ವರ ಹಿಡಿಯಿತಂತೆ. ಕೊನೆಗೆ ಛತ್ರಿ ತಾನೇ ಮರೆತು ಬಿಟ್ಟಿದ್ದೆ ಎಂದು ಬರೆದುಕೊಟ್ಟು ಕೈಮುಗಿದು ಬಂದರಂತೆ. ಅದು ಛತ್ರಿ, ಇದು ಹಂಡೆಯಷ್ಟು ದೊಡ್ಡದು, ಓಡಾಟವೂ ಅಷ್ಟೇ ದೊಡ್ಡದಿರುತ್ತದೆ ಎಂದು ಅವನ ಬೆನ್ನು ತಟ್ಟಿದರು.

ಮೊದಲನೆಯ ಮಹಡಿಯಲ್ಲಿ ನರ್ಸಮ್ಮ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಕು ಹರಿಯುವ ಮುಂಚೆ ಬಂದು ಮಲಗುವವಳು. ಅವಳು ಕಾನೂನು ಮಾತಾಡಲಿಲ್ಲ. ಬಾಗಿಲಿಗೆ ಒರಗಿ ನಿಂತು, ಇವತ್ತು ಬಂದವಳೇ ಮಲಗಿದೆ, ಕನಸು ಕೂಡ ಬಿತ್ತು, ಕನಸು ಬಿದ್ದು ಎಷ್ಟು ಕಾಲವಾಗಿತ್ತೋ, ಎಂದಳು. ಅವಳ ಕಣ್ಣಿನ ಸುತ್ತಲಿನ ಕಪ್ಪು ಒಂದೇ ಬೆಳಿಗ್ಗೆಗೆ ಸ್ವಲ್ಪ ತಿಳಿಯಾದ ಹಾಗೆ ಕಂಡಿತು. "ದೂರು ಕೊಡ್ಬೇಡಿ ಅಂತ ಹೇಳೋಕೆ ನಂಗೆ ಬಾಯಿ ಬರಲ್ಲ ಅಣ್ಣ. ಆದ್ರೆ ನಿಧಾನಕ್ಕೆ ನಡ್ಕೊಂಡು ಹೋಗಿ," ಎಂದಳು.

ಗಡಿಯಾರದವನಿಗೆ ಪಾಯಿಂಟಿನ ಛತ್ರಿಗಿಂತ ಈ ಮಾತೇ ಹೆಚ್ಚು ಚುಚ್ಚಿತು. ನಿಧಾನವಾಗಿಯೇ ಇಳಿದ.

ಕೆಳಗೆ ಕಟ್ಟಡದ ಒಡತಿ ಓನರಮ್ಮ ಗೇಟಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಗೇಟಿಗೆ ಅಡ್ಡ ಕೂರುವುದಕ್ಕೆ ಬೇಕಾದ ಮೈಕಟ್ಟು ಆಕೆಗಿತ್ತು. ಅವನನ್ನು ಹತ್ತಿರ ಕರೆದು, ಆ ಕಡೆ ಈ ಕಡೆ ನೋಡಿ, ಯಾರಿಗೂ ಹೇಳದ ಒಂದು ಗುಟ್ಟು ಹೇಳುತ್ತೇನೆ ಎಂದಳು. ಒಂದು ಸಂಜೆ ಯಾವನೋ ಸೈಕಲ್ಲಿನಲ್ಲಿ ಬಂದು ಆಕೆಯ ಕತ್ತಿನ ಸರ ಕಿತ್ತುಕೊಂಡು ಹೋದದ್ದು ಇಡೀ ಬೀದಿಗೆ ಗೊತ್ತಿತ್ತು. ಅಂಥಾ ಭಾರೀ ಸರ ಹೋದರೂ ದೂರು ಕೊಡದ ಆಕೆಯ ದೊಡ್ಡ ಮನಸ್ಸನ್ನು ಬೀದಿಯವರೆಲ್ಲ ಈಗಲೂ ಹೊಗಳುತ್ತಿದ್ದರು.

"ಚಿನ್ನದ್ದಲ್ಲ ಕಣಪ್ಪ ಅದು," ಎಂದಳು ಓನರಮ್ಮ ಪಿಸುಮಾತಿನಲ್ಲಿ. "ದೂರು ಕೊಟ್ಟು, ಪೊಲೀಸ್ನೋರು ಹುಡುಕಿ ತಂದು, ಎಲ್ರ ಮುಂದೆ ಇದು ಗಿಲೀಟು ಅಂದ್ಬಿಟ್ಟಿದ್ರೆ? ಕಳ್ಳ ಒಬ್ನಿಗೆ ಗೊತ್ತಾಯ್ತು, ಅಷ್ಟಕ್ಕೇ ನಿಂತ್ಕೊಳ್ತು. ಕೆಲವು ಸಾಮಾನು ಹೋಗೋದ್ರಲ್ಲೇ ಮರ್ಯಾದೆ ಇರತ್ತೆ."

ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, ನಿಮ್ಮ ಬಚ್ಚಲಿನ ಸೂರು ಸೋರುತ್ತದೆ ಅಂತ ಬಹಳ ದಿನದಿಂದ ಹೇಳುತ್ತಿದ್ದೆಯಲ್ಲ, ಈ ವಾರವೇ ಗಾರೆಯವರನ್ನು ಕರೆಸುತ್ತೇನೆ, ಸುಮ್ಮನೆ ಪಾರ್ಕಿನಲ್ಲಿ ಎರಡು ಸುತ್ತು ಹಾಕಿ ವಾಪಸು ಬಾ ಎಂದಳು. ಮಳೆ ಬಂದಾಗಲೆಲ್ಲ ಕೊಡೆ ಹಿಡಿದುಕೊಂಡು ಸ್ನಾನ ಮಾಡುತ್ತಿದ್ದ ಗಡಿಯಾರದವನ ಮನಸ್ಸು ಒಂದು ಕ್ಷಣ ಪಾರ್ಕಿನ ಕಡೆಗೆ ತಿರುಗಿಯೇಬಿಟ್ಟಿತು. ಆದರೆ ರಸೀದಿ ಇಲ್ಲದೆ ಮನೆಗೆ ಹೋಗುವ ಹಾಗಿರಲಿಲ್ಲ. ಆಕೆ ಕುರ್ಚಿ ಸರಿಸುವ ಲಕ್ಷಣ ಕಾಣಲಿಲ್ಲ. ಅವನು ಗೇಟಿನ ಪಕ್ಕದ ಗೋಡೆ ಹತ್ತಿ ಹಾರಿ, ಪ್ಯಾಂಟು ಸ್ವಲ್ಪ ಹರಿದುಕೊಂಡು, ಬೀದಿಗೆ ಬಿದ್ದ.

ದಾರಿಯುದ್ದಕ್ಕೂ ತಲೆ ಓಡಿಸಿದ. ದೂರು ಕೊಡದಿದ್ದರೆ ಮನೆಯೊಳಗೆ ಕಳ್ಳ. ಕೊಟ್ಟು ಕಹಳೆ ಸಿಕ್ಕಿಬಿಟ್ಟರೆ ಕಟ್ಟಡದೊಳಗೆ ದ್ರೋಹಿ. ದೂರೂ ಕೊಟ್ಟಿರಬೇಕು, ಕಹಳೆಯೂ ಸಿಗಬಾರದು. ಗಡಿಯಾರದ ಹೊಟ್ಟೆಯೊಳಗಿನ ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮುಟದಲ್ಲಿ ಕೂರಿಸಿದ ಕೈ ಅದು. ಇದೊಂದು ಕೂರಿಸಲಾರೆನೇ ಎಂದುಕೊಂಡ. ಠಾಣೆಯ ಬಾಗಿಲು ತಲುಪುವಷ್ಟರಲ್ಲಿ ಉಪಾಯ ಟಕ್ಕೆಂದು ಕೂತಿತು. ಏನು ಕಳೆದಿದೆ ಎಂಬುದನ್ನು ತಪ್ಪಾಗಿ ಹೇಳಿಬಿಟ್ಟರೆ ಆಯಿತು. ಇಲ್ಲದ್ದನ್ನು ಪೊಲೀಸರು ಹುಡುಕುತ್ತಲೇ ಇರುತ್ತಾರೆ, ಇರುವುದು ಎಲ್ಲಿ ಹೋಗಿದೆಯೋ ಅಲ್ಲೇ ಸುಖವಾಗಿರುತ್ತದೆ.

ಠಾಣೆಯಲ್ಲಿ ಒಂದು ಉದ್ದನೆಯ ಮೇಜು, ಅದರ ಹಿಂದೆ ಹೆಡ್ ಕಾನ್‌ಸ್ಟೇಬಲ್ಲು. ಮೇಜಿನ ಪಕ್ಕದಲ್ಲಿ ಬೀಗ ಹಾಕಿದ ಒಂದು ಕೋಣೆ. ಹೆಡ್ಡು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದವರು ತಲೆ ಎತ್ತದೆಯೇ, ಏನು ಕಳೆದಿದೆ ಎಂದು ಕೇಳಿದರು. ದಿನಾ ಕಟ್ಟಡದಲ್ಲಿ ಆಡಿ ರೂಢಿಯಾದ ಮಾತೇ ಗಡಿಯಾರದವನ ಬಾಯಿಂದ ಜಾರಿತು.

"ನಮ್ಮನೆ ಎಮ್ಮೆ, ಸಾರ್."

ಹೆಡ್ಡು ನಿಟ್ಟುಸಿರು ಬಿಟ್ಟು, ಮೇಯುತ್ತ ಎಲ್ಲೋ ಹೋಗಿರುತ್ತದೆ, ಸಂಜೆ ತಾನೇ ಬರುತ್ತದೆ, ಅದಕ್ಕೆಲ್ಲ ದೂರು ಕೊಟ್ಟರೆ ಹೇಗೆ ಎಂದರು. ಎಷ್ಟು ಹಾಲು ಕೊಡುತ್ತಿತ್ತು ಎಂದು ವಿಚಾರಿಸಿದರು. ಎಲ್ಲಿ ಕಟ್ಟಿದ್ದೆ ಎಂದಾಗ ಗಡಿಯಾರದವನು ಮೂರನೆಯ ಮಹಡಿಯಲ್ಲಿ ಎಂದುಬಿಟ್ಟ. ಹೆಡ್ಡು ಆಗ ಮೊದಲ ಸಲ ತಲೆ ಎತ್ತಿ ಅವನನ್ನು ಮೇಲಿಂದ ಕೆಳಗೆ, ಹರಿದ ಪ್ಯಾಂಟಿನವರೆಗೂ ನೋಡಿದರು. ಅವನು ತೊದಲಿಕೊಂಡು, ಎಮ್ಮೆ ಅಂದರೆ ಎಮ್ಮೆಯಲ್ಲ, ಅದೊಂದು ವಾದ್ಯ, ಸರ್ಕಸ್ಸಿನ ವಾದ್ಯ, ಮಾವನವರದು ಎಂದು ವಿವರಿಸಿದ.

ವಾದ್ಯ ಎಂಬ ಮಾತು ಕೇಳಿದ್ದೇ ತಡ, ಹೆಡ್ಡಿನ ಮುಖ ಒಲೆ ಹೊತ್ತಿಸಿದ ಹಾಗೆ ಬೆಳಗಿತು. ಎದ್ದು ಬಂದು ತಾವೇ ಕುರ್ಚಿ ಎಳೆದು ಕೂರಿಸಿದರು. ಟೀ ತರಿಸಿದರು. ಪೊಲೀಸರ ಬಗ್ಗೆ ಪಾಯಿಂಟು ಹೇಳಿದ್ದೆಲ್ಲ ಬರೀ ಬುರುಡೆ ಎಂದು ಗಡಿಯಾರದವನಿಗೆ ಅನಿಸಿತು.

ವಾದ್ಯ ದೊಡ್ಡದೇ ಎಂದು ಹೆಡ್ಡು ಕೇಳಿದರು. ದೊಡ್ಡದು ಎಂದ. ಬಾಗಿಲಲ್ಲಿ ಹಿಡಿಸದಷ್ಟು? ಅಷ್ಟೇ ಕಷ್ಟಪಟ್ಟು ಹಿಡಿಸುವುದು. ದುಂಡಗಿದೆಯೇ? ದುಂಡಗೇ. ಇಲ್ಲಿಯವರೆಗೂ ಅವನು ಹೇಳಿದ್ದೆಲ್ಲ ಸತ್ಯವೇ ಆಗಿತ್ತು. ಹೆಡ್ಡು ಉಸಿರು ಬಿಗಿ ಹಿಡಿದು ಮುಂದೆ ಬಾಗಿದರು.

"ಬಡಿದ್ರೆ ಸದ್ದು ಮಾಡತ್ತಾ?"

ಇದೇ ಸಮಯ ಎಂದು ಗಡಿಯಾರದವನ ಬುದ್ಧಿ ಕುಣಿಯಿತು. ಊದುವುದನ್ನು ಬಡಿಯುವುದು ಎಂದರೆ ಮುಗಿಯಿತು, ಇನ್ನು ಯಾವ ಪೊಲೀಸಿನವನಿಗೂ ಕಹಳೆಯ ಸುಳಿವು ಹತ್ತುವುದಿಲ್ಲ.

"ಬಡಿದ್ರೇನೇ ಸದ್ದು ಮಾಡೋದು ಸಾರ್," ಎಂದ.

ಆಮೇಲೆ ಹೆಡ್ಡು ಕೇಳಿದ್ದಕ್ಕೆಲ್ಲ ಅವನು ಹೌದು ಹೌದು ಎನ್ನುತ್ತ ಹೋದ. ಮೈಗೆ ಕೆಂಪು ಬಣ್ಣವೇ, ಹೌದು. ಒಂದು ಕಡೆಯ ಚರ್ಮಕ್ಕೆ ತೇಪೆ ಹಾಕಿದೆಯೇ, ಹೌದು. ಸುತ್ತಲೂ ಹಳದಿ ನಕ್ಷತ್ರಗಳೇ, ಹೌದು, ನಾನೇ ಎಣಿಸಿದ್ದೇನೆ. ಸುಳ್ಳು ಹೇಳುವುದು ಇಷ್ಟು ಸಲೀಸೆಂದು ಅವನಿಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ಹೆಡ್ಡು ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದ. ರಸೀದಿಯೂ ಕೈಗೆ ಬಂತು. ಸಂಗೀತ ವಾದ್ಯ ಒಂದು ಎಂದಷ್ಟೇ ಅದರಲ್ಲಿತ್ತು. ಹೆಂಡತಿಗೆ ತೋರಿಸಲು ಇದಕ್ಕಿಂತ ಚೆಂದದ ಕಾಗದವಿಲ್ಲ ಎಂದುಕೊಂಡು ಮೇಲೇಳುವಷ್ಟರಲ್ಲಿ, ಹೆಡ್ಡು ಪಕ್ಕದ ಕೋಣೆಯ ಬೀಗ ತೆಗೆದು ಇಬ್ಬರು ಪೇದೆಗಳನ್ನು ಒಳಕ್ಕೆ ಕಳಿಸಿದರು.

ಒಳಗಿನಿಂದ ಬಂದದ್ದು ಎತ್ತಿನಗಾಡಿಯ ಚಕ್ರವನ್ನೂ ನಾಚಿಸುವಂಥ ಒಂದು ಡ್ರಮ್ಮು. ಕೆಂಪು ಬಣ್ಣ. ತೇಪೆ. ಹಳದಿ ನಕ್ಷತ್ರಗಳು.

ಯಾವನೋ ಕಳ್ಳ ಸಿಕ್ಕಾಗ ಅವನ ಜೊತೆ ಸಿಕ್ಕಿದ್ದಂತೆ ಅದು. ಯಾರೂ ತಮ್ಮದು ಎಂದು ಬರಲಿಲ್ಲ. ಊರಿನ ಯಾವ ಮೂಲೆಯಲ್ಲೋ ಇನ್ನೊಂದು ಕಟ್ಟಡದವರು ಅದು ಹೋದ ಖುಷಿಗೆ ದೂರನ್ನೇ ಕೊಟ್ಟಿರಲಿಕ್ಕಿಲ್ಲ ಎಂಬುದು ಗಡಿಯಾರದವನೊಬ್ಬನಿಗೇ ಹೊಳೆದ ಸತ್ಯ. ಈ ಮಹರಾಯ ಕೋಣೆಯಲ್ಲಿ ಕೂತ ದಿನದಿಂದ ನಮಗೆ ಒಂದು ಕುರ್ಚಿ ಇಡಲು ಜಾಗವಿಲ್ಲ, ಗಾಳಿ ಬೀಸಿದರೆ ತಾನೇ ಗುಂಯ್ ಅನ್ನುತ್ತದೆ, ನೀವು ದೇವರ ಹಾಗೆ ಬಂದಿರಿ ಎಂದು ಹೆಡ್ಡು ಅವನ ಕೈ ಕುಲುಕಿದರು.

ಗಡಿಯಾರದವನು, ಹತ್ತಿರದಿಂದ ನೋಡಿದರೆ ಇದು ನಮ್ಮದಲ್ಲ ಅನಿಸುತ್ತದೆ ಎಂದ. ಹೆಡ್ಡಿನ ಮುಖದ ಒಲೆ ಆರಿತು.

"ತೇಪೆ ಎಲ್ಲಿದೆ, ನಕ್ಷತ್ರ ಎಷ್ಟಿದೆ ಅಂತ ಒಪ್ಕೊಂಡು ಸಹಿ ಹಾಕಿದೀರಿ. ಈಗ ನಮ್ಮದಲ್ಲ ಅಂದ್ರೆ ಸುಳ್ಳು ದೂರು ಕೊಟ್ಟ ಹಾಗಾಯ್ತು. ಅದಕ್ಕೆ ಬೇರೆ ಕೋಣೆ ಇದೆ, ತೋರಿಸ್ಲಾ?"

ಅವನಿಗೆ ಆ ಕೋಣೆ ನೋಡುವ ಆಸೆಯಿರಲಿಲ್ಲ. ಇನ್ನೂ ಹತ್ತಿರದಿಂದ ನೋಡಿದರೆ ನಮ್ಮದೇ ಎಂದ.

ಡ್ರಮ್ಮನ್ನು ಯಾವ ಆಟೋದವನೂ ಹತ್ತಿಸಿಕೊಳ್ಳಲಿಲ್ಲ. ಹೊತ್ತರೆ ದಾರಿ ಕಾಣದು, ಎಳೆದರೆ ಚರ್ಮ ಹರಿದೀತು. ಕೊನೆಗೆ ಚಕ್ರದಂತೆ ಉರುಳಿಸಿಕೊಂಡು ಹೊರಟ. ಪೇಟೆಬೀದಿ ಮುಗಿಯುವ ತನಕ ಅದು ಸಾಧು ಹಸುವಿನಂತೆ ಜೊತೆಗೆ ಬಂತು. ಮುಂದೆ ಇಳಿಜಾರು ಕಂಡಿದ್ದೇ, ಕೈ ಬಿಡಿಸಿಕೊಂಡು ಓಡಿತು. ಕಲ್ಲು ಸಿಕ್ಕಿದ ಕಡೆಯೆಲ್ಲ ಢಂ ಎಂದು ಎಗರುತ್ತ, ತರಕಾರಿ ಬುಟ್ಟಿಗಳನ್ನು ಹಾರಿಸುತ್ತ, ಹಿಂದೆ ಏದುಸಿರು ಬಿಡುತ್ತ ಓಡಿಬರುವ ಹರಕು ಪ್ಯಾಂಟಿನ ಮನುಷ್ಯನನ್ನು ಎಳೆಯುತ್ತ ಹೋಯಿತು. ಇಂಥ ದೃಶ್ಯಕ್ಕೆ ಜನ ಅರ್ಥ ಹಚ್ಚುವುದು ಒಂದೇ ಥರ. ಕಳ್ಳ ಕಳ್ಳ ಎಂಬ ಕೂಗು ಬೀದಿಯ ಎರಡೂ ಕಡೆ ಎದ್ದಿತು. ಇಳಿಜಾರಿನ ಬುಡದಲ್ಲಿ ಚಪ್ಪಲಿ ಹೊಲಿಯುವವನು ಡ್ರಮ್ಮನ್ನು ಕಾಲೊಡ್ಡಿ ನಿಲ್ಲಿಸಿದ, ಬೇಕರಿಯವನು ಗಡಿಯಾರದವನ ಕುತ್ತಿಗೆಪಟ್ಟಿ ಹಿಡಿದು ನಿಲ್ಲಿಸಿದ. ಠಾಣೆಗೆ ಎಳೆದುಕೊಂಡು ಹೋಗೋಣ ಎಂದು ನಾಲ್ಕು ಜನ, ಅಲ್ಲಿಗೆ ಹೋದರೆ ನಾವೇ ಸಾಕ್ಷಿ ಹೇಳಲು ಅಲೆಯಬೇಕು, ಇಲ್ಲೇ ನಾಲ್ಕು ಬಿಟ್ಟು ಕಳಿಸೋಣ ಎಂದು ಉಳಿದವರು. ಅವನು ರಸೀದಿ ತೆಗೆದು ತೋರಿಸದೇ ಇದ್ದಿದ್ದರೆ ಎರಡನೆಯ ಪಕ್ಷವೇ ಗೆಲ್ಲುತ್ತಿತ್ತು. ತನ್ನ ಡ್ರಮ್ಮನ್ನು ತಾನೇ ಬೆನ್ನಟ್ಟುವ ಮನುಷ್ಯನನ್ನು ಇದೇ ಮೊದಲು ನೋಡಿದ್ದು ಎಂದು ಬೇಕರಿಯವನು ಕುತ್ತಿಗೆಪಟ್ಟಿ ಸರಿಮಾಡಿ ಬಿಟ್ಟ.

ಗೇಟಿನಲ್ಲಿ ಓನರಮ್ಮ ಅದನ್ನು ನೋಡಿ ಕುರ್ಚಿಯಿಂದ ಎದ್ದೇ ಬಿಟ್ಟಳು. ಇದೇನಿದು, ಎಮ್ಮೆ ಬಿಟ್ಟು ಕೋಣ ಹಿಡ್ಕೊಂಡು ಬಂದಿಯಾ ಎಂದು ಕೇಳಿದಳು. ಬಚ್ಚಲಿನ ಸೂರಿನ ಮಾತನ್ನು ಇನ್ನು ಎತ್ತಬೇಡ ಎಂದಳು. ನರ್ಸಮ್ಮ ಬಾಗಿಲು ಅರ್ಧ ತೆರೆದು ನೋಡಿ, ಮೆಲ್ಲಗೆ ಮುಚ್ಚಿಕೊಂಡಳು. ಪಾಯಿಂಟು ಇಲ್ಲೊಂದು ಎಂದು ಬಾಯಿ ತೆರೆದವರು, ಡ್ರಮ್ಮನ್ನು ಹತ್ತಿಸಲು ಒಂದು ಕೈ ಕೊಟ್ಟರು. ಮೆಟ್ಟಿಲು ಮೆಟ್ಟಿಲಿಗೂ ಅದು ಢಂ ಎಂದು ತಾನು ಬಂದದ್ದನ್ನು ಸಾರಿಕೊಂಡೇ ಮೂರನೆಯ ಮಹಡಿ ಸೇರಿತು.

ಹೆಂಡತಿ ರಸೀದಿಯನ್ನು ಓದಿದಳು, ಡ್ರಮ್ಮನ್ನು ನೋಡಿದಳು. ಕಹಳೆ ಸಿಗುವ ತನಕ ಇದನ್ನು ಇಟ್ಟುಕೊಂಡಿರಿ ಅಂದರು ಎಂದು ಗಡಿಯಾರದವನು ಗೊಣಗಿದ. ಬಸ್ಸು ಕಳೆದಿದೆ ಅಂದರೆ ರೈಲು ಕೊಟ್ಟು ಕಳಿಸುವ ಠಾಣೆ ಯಾವುದು, ನಾನೇ ಹೋಗಿ ವಿಚಾರಿಸುತ್ತೇನೆ ಎಂದು ಅವಳು ಚಪ್ಪಲಿ ಹುಡುಕತೊಡಗಿದಳು.

ಅಲ್ಲಿಯವರೆಗೂ ಕಿಟಕಿಯ ಪಕ್ಕ ಸುಮ್ಮನೆ ಕೂತಿದ್ದ ಮಾವ ಎದ್ದು ನಿಂತರು.

"ಎಲ್ಲಿಗೂ ಹೋಗ್ಬೇಡಮ್ಮ. ಅದನ್ನ ಯಾರೂ ಕದ್ದಿಲ್ಲ. ನಾನೇ ಕೊಟ್ ಬಂದೆ."

ಮಾವ ಬೆರಳಿನಿಂದ ಮೀಸೆಯನ್ನು ಪರದೆಯಂತೆ ಮೇಲೆತ್ತಿ ಬಾಯಿ ತೋರಿಸಿದರು. ಮುಂದಿನ ಎರಡು ಹಲ್ಲುಗಳು ಉಸಿರಿಗೇ ಅಲ್ಲಾಡುತ್ತಿದ್ದವು. ಸ್ವಲ್ಪ ದಿನದಿಂದ ಹೀಗೇ ಎಂದರು. ಊದಿದರೆ ಗಾಳಿ ಅರ್ಧ ಕಹಳೆಗೆ, ಅರ್ಧ ಮೀಸೆಗೆ. ಈಚೆಗೆ ಅದು ನರಳಿದ ಹಾಗೆ ಕೇಳುತ್ತಿದ್ದುದನ್ನು ಎಲ್ಲರೂ ಹೊಸ ಮಟ್ಟು ಎಂದುಕೊಂಡಿದ್ದರಂತೆ. ಆನೆಗಳನ್ನು ನಡೆಸಿದ ಉಸಿರು ಇದು, ಈಗ ಒಂದು ಬೆಕ್ಕೂ ತಿರುಗಿ ನೋಡುವುದಿಲ್ಲ ಎಂದು ಮಗಳ ಮುಂದೆ ಹೇಳಿಕೊಳ್ಳಲು ಅವರಿಗೆ ಮನಸ್ಸು ಬರಲಿಲ್ಲ. ಅದಕ್ಕೇ ಇವತ್ತು ನಸುಕಿನಲ್ಲೇ ಎದ್ದು, ಬೆಡ್‌ಶೀಟು ಮಡಿಸಿಟ್ಟು, ಕಹಳೆಯನ್ನು ಹೆಗಲಿಗೆ ಹಾಕಿಕೊಂಡು ಹೋಗಿ, ಹಳೆಯ ಜೊತೆಗಾರನೊಬ್ಬನ ಬ್ಯಾಂಡಿನವರಿಗೆ ಕೊಟ್ಟು ಬಂದಿದ್ದರು. ಕಳುವಾಯಿತು ಎಂದರೆ ಯಾರೂ ಕಾರಣ ಕೇಳುವುದಿಲ್ಲ ಎಂದುಕೊಂಡಿದ್ದರು.

"ಅದಕ್ಕೇ ಬೇಡ ಬೇಡ ಅಂತ ಬಡ್ಕೊಂಡೆ ಅಳಿಯಂದ್ರೇ. ಇನ್ಮೇಲೆ ಪೇಪರ್ ಓದ್ಕೊಂಡು ತೆಪ್ಪಗೆ ಕೂತಿರೋಣ ಅಂತ ಮನಸ್ಸಿಗೆ ಸಮಾಧಾನಾನೂ ಹೇಳ್ಕೊಂಡಿದ್ದೆ."

ಗಡಿಯಾರದವನು ಗೋಡೆಗೆ ಒರಗಿದ. ಬೆಳಿಗ್ಗೆ ಏನೂ ಮಾಡದೆ ಟವೆಲ್ಲಿನ ಹಿಂದೆಯೇ ಕೂತಿದ್ದಿದ್ದರೆ ಸಾಕಿತ್ತು. ಜೀವಮಾನದ ನೆಮ್ಮದಿ ತಾನೇ ಮನೆಗೆ ಬಂದು ಬಾಗಿಲು ತಟ್ಟಿತ್ತು. ಅದನ್ನು ಹೊರಗಟ್ಟಲು ಅವನು ಗೋಡೆ ಹಾರಿ, ಪ್ಯಾಂಟು ಹರಿದುಕೊಂಡು, ಸುಳ್ಳು ಹೇಳಿ, ಸಹಿ ಹಾಕಿ ಬಂದಿದ್ದ. ಆದರೂ ಮಾವನ ಮುಖ ನೋಡಿದಾಗ ಅವನಿಗೆ ಕೋಪ ಬರಲಿಲ್ಲ. ಹೆಂಡತಿ ಅಪ್ಪನ ಕೈ ಹಿಡಿದುಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಹಲ್ಲಿಗೆ ಔಷಧವಿದೆ ಎಂದು ಅವನೂ ಏನೋ ಸಮಾಧಾನದ ಮಾತು ಹುಡುಕುತ್ತಿದ್ದ.

ಮಾವ ಆ ಮಾತು ಕೇಳುತ್ತಿರಲಿಲ್ಲ. ಅವರು ಡ್ರಮ್ಮಿನ ಹತ್ತಿರ ಹೋಗಿ ಬಗ್ಗಿ ನೋಡುತ್ತಿದ್ದರು. ಅಂಗೈಯಿಂದ ಅದರ ಧೂಳು ಒರೆಸಿದರು. ತೇಪೆಯನ್ನು ಮುಟ್ಟಿ ನೋಡಿ ತಲೆದೂಗಿದರು. ಒಂದು ಬೆರಳು ಮಡಿಸಿ ಮೆಲ್ಲಗೆ ತಟ್ಟಿದರು. ಅಷ್ಟಕ್ಕೇ ಅಡುಗೆಮನೆಯ ತಟ್ಟೆಗಳು ಎದ್ದು ಕೂತವು. ಮಾವನ ಬೆನ್ನು ನೆಟ್ಟಗಾಯಿತು. ಇಳಿಬಿದ್ದಿದ್ದ ಮೀಸೆ ಎರಡೂ ಕಡೆ ಮೇಲೆದ್ದಿತು.

"ಸಿಂಹ ಬರೋವಾಗ ಇದನ್ನೇ ಬಾರಿಸ್ತಿದ್ರು," ಎಂದರು. ಕಣ್ಣು ಮಿನುಗುತ್ತಿತ್ತು. "ನಾನು ಆಸೆಯಿಂದ ನೋಡ್ತಾ ಕೂತಿರ್ತಿದ್ದೆ. ಇದಕ್ಕೆ ಹಲ್ಲು ಬೇಡ ನೋಡಿ ಅಳಿಯಂದ್ರೇ."

ಸಂಜೆಯಾಗುವುದರೊಳಗೆ ಸಿಂಹಗಳು ಒಳಗೆ ಬಂದವು. ಬೆಳಿಗ್ಗೆ ಪೊಲೀಸರ ಸಹವಾಸವೇ ಬೇಡ ಎಂದಿದ್ದ ಇಡೀ ಕಟ್ಟಡ ಒಗ್ಗಟ್ಟಾಗಿ ಮೆಟ್ಟಿಲಿಳಿದು ಠಾಣೆಯ ಕಡೆ ನಡೆಯಿತು. ಮುಂದೆ ಓನರಮ್ಮ, ಅವಳ ಹಿಂದೆ ಕಿವಿಗೆ ಹತ್ತಿ ತುರುಕಿಕೊಂಡ ನರ್ಸಮ್ಮ, ಅವಳ ಹಿಂದೆ ದೂರಿನ ಕರಡನ್ನು ಪಾಯಿಂಟು ಪಾಯಿಂಟಾಗಿ ಬರೆದುಕೊಂಡ ಪಾಯಿಂಟು. ಆರೋಪಿಯೂ ಅವನೇ ಸಾಕ್ಷಿಯೂ ಅವನೇ ಎಂದು ಗಡಿಯಾರದವನನ್ನು ನಡುವೆ ಹಾಕಿಕೊಂಡಿದ್ದರು. ಅವನು ತಡೆಯಲಿಲ್ಲ. ಒಳಗೊಳಗೆ ಅವನೂ ಅವರ ಪಕ್ಷವೇ ಆಗಿದ್ದ.

ಹೆಡ್ ಕಾನ್‌ಸ್ಟೇಬಲ್ಲು ಡ್ರಮ್ಮು ಖಾಲಿ ಮಾಡಿದ ಕೋಣೆಯಲ್ಲಿ ಹೊಸದಾಗಿ ಆರಾಮ ಕುರ್ಚಿ ಹಾಕಿಕೊಂಡು ಕಾಲು ಚಾಚಿದ್ದರು. ಎಲ್ಲರ ಮಾತನ್ನೂ ಕಣ್ಣು ಮುಚ್ಚಿ ಕೇಳಿದರು. ಪಾಯಿಂಟು ಕೊಟ್ಟ ಕಾಗದವನ್ನು ತೆಗೆದುಕೊಂಡು, ಮಡಿಸಿ, ಪಾಯಿಂಟಿನ ಜೇಬಿಗೇ ವಾಪಸು ಇಟ್ಟರು.

"ಈ ದೂರು ತಗೊಳ್ಳೋಕಾಗಲ್ಲ ಸ್ವಾಮಿ. ತಗೊಂಡ್ರೆ ಸಾಕ್ಷಿ ಅಂತ ಅದನ್ನ ಇಲ್ಲಿಗೇ ತಂದಿಡ್ಬೇಕಾಗತ್ತೆ. ಅಕ್ಕಪಕ್ಕದವ್ರು, ಹೊಂದ್ಕೊಂಡು ಹೋಗಿ."

ಬಂದ ದಾರಿಯಲ್ಲೇ ಎಲ್ಲರೂ ವಾಪಸು ಹೊರಟರು. ಇಳಿಜಾರಿಗೆ ಬಂದಾಗ ಕಟ್ಟಡ ಇನ್ನೂ ಕಣ್ಣಿಗೆ ಬಿದ್ದಿರಲಿಲ್ಲ. ಕಿವಿಗೆ ಆಗಲೇ ಬಿದ್ದಿತ್ತು.